ಮುಖ ಕಾಣದ ದುಃಖ: ಮುಂಕ್‌ನ ‘ರೋಗಿ ಬಾಲಕಿ’ಯನ್ನು ನೋಡುತ್ತ

ಸೋಂದಾ ಕುಂಚ, ಶಿರಸಿ

ಆಧುನಿಕ ಚಿತ್ರಕಲೆ ಮನುಷ್ಯನ ದುಃಖವನ್ನು ಹೇಗೆ ಹೇಳುತ್ತದೆ ಎಂಬ ಮಾತು ಬಂದಾಗಲೆಲ್ಲ ನಾವು ಪಿಕಾಸೊನ ‘ಗೆರ್ನಿಕಾ’ದಿಂದ ಶುರುಮಾಡಿ ಅಲ್ಲಿಯೇ ಮುಗಿಸುತ್ತೇವೆ. ಅದು ದೊಡ್ಡ ಚಿತ್ರ, ಒಪ್ಪಿದೆ. ಆದರೆ ಅದರ ಬಗ್ಗೆ ಹೇಳಬೇಕಾದದ್ದೆಲ್ಲ ಎಲ್ಲರಿಗೂ ಬಾಯಿಪಾಠವಾಗಿರುವುದರಿಂದ ಈಗ ಆ ಚಿತ್ರವನ್ನು ಯಾರೂ ನೋಡುವುದೇ ಇಲ್ಲ. ಆದ್ದರಿಂದ ಅಷ್ಟು ಗದ್ದಲವಿಲ್ಲದ, ಒಂದೇ ಕೋಣೆಯೊಳಗೆ ಎರಡೇ ಜೀವಗಳಿರುವ ಬೇರೊಂದು ಚಿತ್ರವನ್ನು ಮುಂದಿಡುತ್ತೇನೆ. ನಾರ್ವೆಯ ಎಡ್ವರ್ಡ್ ಮುಂಕ್ 1885-86ರಲ್ಲಿ, ಇಪ್ಪತ್ತೆರಡರ ಆಸುಪಾಸಿನ ವಯಸ್ಸಿನಲ್ಲಿ ಬರೆದ ‘ರೋಗಿ ಬಾಲಕಿ’ ಅದು. ಈಗ ಓಸ್ಲೊ ನಗರದ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ.

ಹೆಚ್ಚುಕಡಿಮೆ ಚೌಕಾಕಾರದ, ನಾಲ್ಕು ಅಡಿಗಿಂತ ಸ್ವಲ್ಪ ಚಿಕ್ಕದಾದ ಕ್ಯಾನ್ವಾಸು. ಕೆಂಪು ಕೂದಲಿನ ಹುಡುಗಿಯೊಬ್ಬಳು ದೊಡ್ಡ ಬಿಳಿಯ ದಿಂಬಿಗೆ ಒರಗಿ ಕುಳಿತಿದ್ದಾಳೆ. ಅವಳ ಮುಖ ನಮ್ಮ ಕಡೆಗಿಲ್ಲ. ಬಲಗಡೆಗೆ, ಕಪ್ಪಾದ ಪರದೆಯೊಂದರ ಕಡೆಗೆ ತಿರುಗಿದೆ. ಪಕ್ಕದಲ್ಲಿ ಕಪ್ಪು ಉಡುಪಿನ ಹೆಂಗಸು ತಲೆಯನ್ನು ಪೂರ್ತಿ ಬಗ್ಗಿಸಿ ಕುಳಿತಿದ್ದಾಳೆ, ನಮಗೆ ಕಾಣುವುದು ಅವಳ ನೆತ್ತಿ ಮತ್ತು ಕಟ್ಟಿದ ಕೂದಲು ಮಾತ್ರ. ಎಡಗಡೆ ಔಷಧದ ಬಾಟಲಿ, ಬಲಗಡೆ ಒಂದು ಲೋಟ. ಚಿತ್ರದ ನಟ್ಟನಡುವೆ ಇಬ್ಬರ ಕೈಗಳೂ ಸೇರುತ್ತವೆ, ಆದರೆ ಆ ಕೈಗಳನ್ನು ಮುಂಕ್ ಸರಿಯಾಗಿ ಬರೆದಿಲ್ಲ; ಯಾರ ಬೆರಳು ಎಲ್ಲಿ ಮುಗಿದು ಯಾರದು ಎಲ್ಲಿ ಶುರುವಾಗುತ್ತದೆ ಎಂದು ಬೇರ್ಪಡಿಸಲಾಗದಂತೆ ಒಂದು ಬಣ್ಣದ ಮುದ್ದೆಯನ್ನಷ್ಟೇ ಇಟ್ಟಿದ್ದಾನೆ. ಇಡೀ ಚಿತ್ರದ ಮೇಲೆ ಗೀರುಗಳು. ವರ್ಷದ ಕಾಲ ಬರೆಯುವುದು, ಕೆರೆದು ತೆಗೆಯುವುದು, ಮತ್ತೆ ಬರೆಯುವುದು ಹೀಗೆ ಮಾಡಿದ್ದರಿಂದ ಮೇಲ್ಮೈ ಗಾಯವಾಗಿ ಒಣಗಿದ ಚರ್ಮದಂತೆ ದಪ್ಪವಾಗಿ, ಒರಟಾಗಿದೆ.

ನನ್ನ ವಾದ ಇಷ್ಟೇ. ಈ ಚಿತ್ರದಲ್ಲಿ ಅಳುವ ಮುಖವೊಂದೂ ಇಲ್ಲ, ಆದರೂ ನಾನು ನೋಡಿದ ಚಿತ್ರಗಳಲ್ಲಿ ಇದರಷ್ಟು ದುಃಖ ಹೊತ್ತದ್ದು ಕಡಿಮೆ. ಏಕೆಂದರೆ ದುಃಖ ಇಲ್ಲಿ ಪಾತ್ರಗಳ ಮುಖದಲ್ಲಿ ಇಲ್ಲ, ಬಣ್ಣಕ್ಕೆ ಆದ ಗತಿಯಲ್ಲಿದೆ. ನಿಮಗೆ ಏನನ್ನಿಸುತ್ತದೆ?

ಸದಾಶಿವಗಡ, ಕಾರವಾರ

ಸೋಂದಾ ಮಾಸ್ತರರೇ, ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ನನಗೆ ಕಂಡದ್ದು ಮಸುಕಾದ, ಅರ್ಧಕ್ಕೆ ಬಿಟ್ಟಂತಿರುವ ಒಂದು ಚಿತ್ರ. ಕ್ಷಯದಿಂದ ತೀರಿಕೊಂಡ ಅಕ್ಕನ ನೆನಪಿನಲ್ಲಿ ಬರೆದದ್ದು ಎಂದು ಆಮೇಲೆ ಓದಿದಾಗ ಮನಸ್ಸು ಭಾರವಾಯಿತು. ಹಾಗಾದರೆ ಮನಸ್ಸು ಭಾರ ಮಾಡಿದ್ದು ಚಿತ್ರವೋ, ಕಥೆಯೋ? ಕಥೆ ತಿಳಿಯದವನಿಗೆ ಈ ಗೀರುಗಳು ಬರೀ ಗೀರುಗಳೇ. ಆಧುನಿಕ ಕಲೆಯ ಬಹುಪಾಲು ಹೊಗಳಿಕೆ ಹೀಗೆ ಜೀವನಚರಿತ್ರೆಯ ಸಾಲ ತಂದು ನಡೆಸುವ ಸಂಸಾರ ಎಂಬ ಸಂಶಯ ನನಗೆ ಮೊದಲಿನಿಂದಲೂ ಇದೆ.

ಅಘನಾಶಿನಿ, ಕುಮಟಾ

ನಾನು ಕಲಾವಿಮರ್ಶೆ ಓದಿದವಳಲ್ಲ. ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಕಥೆಯನ್ನು ಓದುವ ಮೊದಲೇ ಚಿತ್ರ ನೋಡಿದ್ದರಿಂದ ಸದಾಶಿವಗಡದವರ ಪ್ರಶ್ನೆಗೆ ನಾನು ಉತ್ತರ ಕೊಡಬಹುದೆಂದು ಬರೆಯುತ್ತಿದ್ದೇನೆ.

ಮೊದಲು ಗಮನಕ್ಕೆ ಬಂದದ್ದು ಯಾರು ಯಾರನ್ನು ನೋಡಿಕೊಳ್ಳುತ್ತಿದ್ದಾರೆ ಎಂಬುದು. ಕಾಯಿಲೆಯವಳು ಮಗು, ಆದರೆ ಕುಸಿದಿರುವವಳು ದೊಡ್ಡವಳು. ಮಗುವಿನ ಕತ್ತು ನೆಟ್ಟಗಿದೆ, ನೋಟ ಶಾಂತವಾಗಿದೆ, ಹೆಂಗಸಿಗೆ ಮಾತ್ರ ಆ ಮುಖವನ್ನು ನೋಡುವ ಧೈರ್ಯವಿಲ್ಲ. ಇದನ್ನು ವಾರ್ಡಿನಲ್ಲಿ ನಿಂತವರು ಮಾತ್ರ ಬಲ್ಲರು ಎಂದು ನಾನು ಇದುವರೆಗೆ ತಿಳಿದಿದ್ದೆ. ಉಳಿಯುವುದಿಲ್ಲವೆಂದು ಗೊತ್ತಾದ ರೋಗಿ ಎಷ್ಟೋ ಸಲ ಸುತ್ತಲಿನವರಿಗೆ ಸಮಾಧಾನ ಹೇಳುತ್ತಿರುತ್ತಾನೆ, ‘ನೀ ಊಟ ಮಾಡಿ ಬಾ’ ಎನ್ನುತ್ತಾನೆ. ಕುಳಿತವರು ಬೆಡ್‌ಶೀಟಿನ ಅಂಚನ್ನು ನೋಡುತ್ತ ಕುಳಿತಿರುತ್ತಾರೆ. ಈ ಹೆಂಗಸಿನ ಕತ್ತು ಬಗ್ಗಿದ ರೀತಿ ಅದೇ. ಅತ್ತು ಮುಗಿದ ಮೇಲೆ ಬರುವ ಬಾಗು ಅದು, ಅಳು ಬರುವಾಗಿನದ್ದಲ್ಲ.

ಬಾಟಲಿಯ ವಿಷಯ ಇನ್ನೊಂದು. ಕ್ಷಯಕ್ಕೆ ಕಾರಣವಾದ ರೋಗಾಣುವನ್ನು ರಾಬರ್ಟ್ ಕಾಕ್ ಗುರುತಿಸಿದ್ದು 1882ರಲ್ಲಿ; ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. ಅಂದರೆ ಆ ಬಾಟಲಿಯಲ್ಲಿದ್ದ ಔಷಧದಿಂದ ಕಾಯಿಲೆ ವಾಸಿಯಾಗುವ ಸಾಧ್ಯತೆಯೇ ಇರಲಿಲ್ಲ. ಮುಂಕ್‌ನ ತಂದೆ ವೈದ್ಯರೇ ಆಗಿದ್ದರು ಎಂದು ಆಮೇಲೆ ತಿಳಿಯಿತು. ವೈದ್ಯರ ಮನೆಯಲ್ಲಿ ಮಗುವಿನ ತಲೆಯ ಬಳಿ ಕೆಲಸಕ್ಕೆ ಬಾರದ ಬಾಟಲಿ ನಿಂತಿರುವುದು ಏನೆಂದು ನನಗೆ ಯಾರೂ ವಿವರಿಸಬೇಕಾಗಿಲ್ಲ.

ಸೋಂದಾ ಕುಂಚ, ಶಿರಸಿ

ಅಕ್ಕ, ನೀವು ಹೇಳಿದ ಕತ್ತಿನ ಬಾಗು ಇಷ್ಟು ದಿನ ನನಗೆ ಬರೀ ರಚನೆಯ ರೇಖೆಯಾಗಿ ಕಂಡಿತ್ತು. ಅದಕ್ಕೆ ರೂಪದರ್ಶಿಯಾಗಿ ಕುಳಿತವಳು ಮುಂಕ್‌ನ ಚಿಕ್ಕಮ್ಮ ಕಾರೆನ್. 1868ರಲ್ಲಿ, ಮುಂಕ್‌ಗೆ ಐದು ವರ್ಷವಾಗಿದ್ದಾಗ ತಾಯಿ ಕ್ಷಯದಿಂದ ತೀರಿಕೊಂಡ ಮೇಲೆ ಮಕ್ಕಳನ್ನು ಸಾಕಿದವಳು ಅವಳೇ. 1877ರಲ್ಲಿ ಅಕ್ಕ ಸೋಫೀ ಅದೇ ಕಾಯಿಲೆಯಿಂದ ಹೋದಾಗಲೂ ಅವಳು ಆ ಮನೆಯಲ್ಲಿದ್ದಳು. ಅಂದರೆ ಆ ಹೆಂಗಸು ನಟಿಸುವ ಅಗತ್ಯವೇ ಇರಲಿಲ್ಲ.

ಸದಾಶಿವಗಡದವರಿಗೆ ನನ್ನ ಉತ್ತರ ಎರಡು ಭಾಗದ್ದು. 1886ರಲ್ಲಿ ಈ ಚಿತ್ರ ಪ್ರದರ್ಶನಕ್ಕೆ ಬಂದಾಗ ಅದರ ಹೆಸರು ‘ಅಧ್ಯಯನ’ ಎಂದಷ್ಟೇ ಇತ್ತು. ರೋಗಿಯೂ ಇಲ್ಲ, ಅಕ್ಕನೂ ಇಲ್ಲ. ಅಂದರೆ ಕಥೆಯ ಊರುಗೋಲು ಕೊಡದೆಯೇ ಅವನು ಚಿತ್ರವನ್ನು ಜನರ ಮುಂದಿಟ್ಟ.

ಎರಡನೆಯದಾಗಿ, ಇದೇ ವಿಷಯದ ಮೇಲೆ ಅದೇ ಊರಿನಲ್ಲಿ ಇನ್ನೊಂದು ಚಿತ್ರ ಇತ್ತು. ಮುಂಕ್‌ಗೆ ಹಿರಿಯನೂ ಮಾರ್ಗದರ್ಶಕನೂ ಆಗಿದ್ದ ಕ್ರಿಸ್ಟಿಯನ್ ಕ್ರೋಗ್ 1880-81ರಲ್ಲಿ ಬರೆದ ಕಾಯಿಲೆ ಹುಡುಗಿಯ ಚಿತ್ರವದು. ಅದರಲ್ಲಿ ಹುಡುಗಿ ನೇರ ನಮ್ಮನ್ನೇ ನೋಡುತ್ತಾಳೆ, ಬಿಳಿಯ ಬಟ್ಟೆ, ಬಿಳಿಯ ದಿಂಬು, ಕೈಯಲ್ಲಿ ಎಸಳು ಉದುರುತ್ತಿರುವ ಗುಲಾಬಿ. ಕಣ್ಣಿನ ಕೆಂಪು, ಹೊದಿಕೆಯ ನೂಲು ಎಲ್ಲವೂ ಸ್ಪಷ್ಟ. ಬಹಳ ಒಳ್ಳೆಯ ಚಿತ್ರ. ಆದರೆ ಅಲ್ಲಿ ಗುಲಾಬಿ ಬಂದು ‘ಇವಳು ಸಾಯುತ್ತಾಳೆ’ ಎಂದು ನಮಗೆ ಹೇಳಿಬಿಡುತ್ತದೆ, ನಾವು ‘ಅಯ್ಯೋ’ ಎನ್ನುತ್ತೇವೆ, ಮುಂದಿನ ಚಿತ್ರಕ್ಕೆ ಹೋಗುತ್ತೇವೆ. ಮುಂಕ್ ಗುಲಾಬಿ ಕೊಡುವುದಿಲ್ಲ. ನಾವು ಹೆಂಗಸಿನ ಮುಖ ಹುಡುಕುತ್ತೇವೆ, ಸಿಗುವುದಿಲ್ಲ; ಹುಡುಗಿಯ ಮುಖ ನೋಡುತ್ತೇವೆ, ಅದು ಪರದೆಯ ಕಡೆ ಕಳಿಸುತ್ತದೆ; ಪರದೆಯಲ್ಲಿ ಏನೂ ಇಲ್ಲ; ಮತ್ತೆ ಕೈಗಳಿಗೆ ಬರುತ್ತೇವೆ, ಅದು ಮುದ್ದೆ. ಕಣ್ಣಿಗೆ ಕೂರಲು ಜಾಗವಿಲ್ಲದಂತೆ ಅವನು ಕಟ್ಟಿದ ರೀತಿಯೇ ನನ್ನ ಮಟ್ಟಿಗೆ ಆ ಕೋಣೆಯ ಸಂಕಟ.

ಸದಾಶಿವಗಡ, ಕಾರವಾರ

ಕ್ರೋಗ್‌ನ ಹೋಲಿಕೆ ಚೆನ್ನಾಗಿದೆ. ಆದರೆ ನೀವು ಒಂದು ವಿಷಯವನ್ನು ಮೆಲ್ಲಗೆ ದಾಟಿಸಿಬಿಟ್ಟಿರಿ. ‘ಅಧ್ಯಯನ’ ಎಂಬ ಹೆಸರಿನಲ್ಲಿ ನೋಡಿದ 1886ರ ಜನ ದುಃಖಪಟ್ಟರೇ? ಅವರು ನಕ್ಕರು, ಪತ್ರಿಕೆಗಳು ಹೀನಾಯವಾಗಿ ಬರೆದವು ಎಂದು ನಾನೂ ಓದಿದ್ದೇನೆ. ಕಥೆಯಿಲ್ಲದೆ ಚಿತ್ರ ಸೋತಿತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇಡಗುಂಜಿ ಅಂಗಳ, ಹೊನ್ನಾವರ

ನಗುವುದರಿಂದ ಏನೂ ಸಾಬೀತಾಗುವುದಿಲ್ಲ ಸ್ವಾಮಿ. ಸಿದ್ಧಮಾದರಿಯ ಅಳು ನೋಡಿ ರೂಢಿಯಾದವರು ಬೇರೆ ಬಗೆಯದು ಕಂಡಾಗ ಮೊದಲು ನಗುತ್ತಾರೆ. ನಾನು ಹವ್ಯಾಸಿ ಸ್ತ್ರೀವೇಷಧಾರಿ, ಬಡಗುತಿಟ್ಟಿನ ಯಕ್ಷಗಾನದಲ್ಲಿ ಹರಿಶ್ಚಂದ್ರನ ಹೆಂಡತಿ ಚಂದ್ರಮತಿಯ ಪಾತ್ರ ಮಾಡುತ್ತೇನೆ, ಅಲ್ಲಿಂದ ಒಂದು ಮಾತು ಹೇಳಬಹುದು.

ಶ್ಮಶಾನದಲ್ಲಿ ಸತ್ತ ಮಗ ಲೋಹಿತಾಶ್ವನನ್ನು ತೊಡೆಯ ಮೇಲೆ ಹಾಕಿಕೊಂಡು ಪ್ರಲಾಪಿಸುವ ಸಂದರ್ಭವನ್ನು ಹೊಸಬರು ಎದೆ ಬಡಿದುಕೊಂಡು, ಕಣ್ಣೀರು ಸುರಿಸಿ ಮಾಡುತ್ತಾರೆ. ಕಣ್ಣೀರು ಬಂದರೆ ಬಣ್ಣ ಕರಗುತ್ತದೆ ಎಂಬುದು ಚೌಕಿಯ, ಅಂದರೆ ವೇಷ ಕಟ್ಟುವ ಕೋಣೆಯ, ತಮಾಷೆ. ನಿಜವಾದ ಕಾರಣ ಬೇರೆ. ಪಳಗಿದವರು ಆ ಹೊತ್ತಿಗೆ ಮುಖವನ್ನು ಸಭೆಯಿಂದ ಅರ್ಧ ತಿರುಗಿಸಿಬಿಡುತ್ತಾರೆ. ಚಂಡೆ ನಿಂತಿರುತ್ತದೆ, ಮದ್ದಲೆ ಮಾತ್ರ ಸಣ್ಣಗೆ. ಭಾಗವತರು ಪದ್ಯದ ಒಂದು ಸಾಲನ್ನು ಹಿಡಿದು ಎಳೆಯುತ್ತಿರುವಾಗ ವೇಷಧಾರಿ ಮಾಡುವುದು ಮಗುವಿನ ಕೂದಲನ್ನು ಸರಿಪಡಿಸುವ ಒಂದೇ ಅಭಿನಯ, ಅಷ್ಟೇ. ಸಭೆಯಲ್ಲಿ ಹೆಂಗಸರು ಅಳುವುದು ಆಗಲೇ. ಮುಖ ತೋರಿಸಿ ಅತ್ತರೆ ಸಭೆ ಅವನ ಅಳುವನ್ನು ನೋಡುತ್ತದೆ. ಮುಖ ಮರೆಯಾದಾಗ ತನ್ನದನ್ನು ತುಂಬಿಕೊಳ್ಳುತ್ತದೆ. ಮುಂಕ್‌ನ ಹೆಂಗಸಿನ ನೆತ್ತಿ ನನಗೆ ಅರ್ಥವಾದದ್ದು ಈ ದಾರಿಯಿಂದ.

ಕಡವಾಡ ಮಾಸ್ತರ, ಕಾರವಾರ

ಚರ್ಚೆ ಒಳ್ಳೆಯ ಹಾದಿಯಲ್ಲಿದೆ. ಭರತನ ನಾಟ್ಯಶಾಸ್ತ್ರ ಒಂದೊಂದು ರಸಕ್ಕೂ ಒಂದೊಂದು ಬಣ್ಣ ಹೇಳುತ್ತದೆ. ಕರುಣಕ್ಕೆ ಹೇಳಿದ್ದು ಕಪೋತವರ್ಣ, ಅಂದರೆ ಪಾರಿವಾಳದ ಬೂದು. ಅಧಿದೇವತೆ ಯಮ. ಮುಂಕ್‌ನ ಹಸಿರುಮಿಶ್ರಿತ ಬೂದನ್ನೂ, ‘ಗೆರ್ನಿಕಾ’ದ ಕಪ್ಪು ಬಿಳಿ ಬೂದುಗಳನ್ನೂ ನೋಡಿದಾಗ ಇದು ನೆನಪಾಗುತ್ತದೆ. ಅವರಿಬ್ಬರೂ ಭರತನನ್ನು ಓದಿದ್ದರು ಎಂದು ಯಾರೂ ಹೊರಡಬೇಡಿ, ದಯವಿಟ್ಟು. ಅಂಥ ಉತ್ಸಾಹ ನಮ್ಮಲ್ಲಿ ಈಗಾಗಲೇ ಬೇಕಾದಷ್ಟಿದೆ.

ಆದರೆ ‘ಗೆರ್ನಿಕಾ’ವನ್ನು ಬದಿಗಿಟ್ಟದ್ದಕ್ಕೆ ನನ್ನ ತಕರಾರಿದೆ. ಮುಖ ಮುಚ್ಚಿದರೇ ದುಃಖ ಬರುತ್ತದೆ ಎಂಬ ಸೂತ್ರ ಅಲ್ಲಿ ನಿಲ್ಲುವುದಿಲ್ಲ. 1937ರ ಏಪ್ರಿಲ್ 26ರಂದು ಸ್ಪೇನಿನ ಬಾಸ್ಕ್ ನಾಡಿನ ಗೆರ್ನಿಕಾ ಊರಿನ ಮೇಲೆ ಜರ್ಮನ್ ಮತ್ತು ಇಟಾಲಿಯನ್ ವಿಮಾನಗಳು ಬಾಂಬು ಸುರಿದವು. ಪಿಕಾಸೊ ಮೇ ತಿಂಗಳಲ್ಲಿ ಶುರುಮಾಡಿ ಜೂನ್ ಹೊತ್ತಿಗೆ ಸುಮಾರು ಮೂರೂವರೆ ಮೀಟರ್ ಎತ್ತರ, ಏಳೂಮುಕ್ಕಾಲು ಮೀಟರ್ ಅಗಲದ ಕ್ಯಾನ್ವಾಸನ್ನು ಮುಗಿಸಿ ಪ್ಯಾರಿಸ್ಸಿನ ವಸ್ತುಪ್ರದರ್ಶನಕ್ಕೆ ಕೊಟ್ಟ. ಅದರಲ್ಲಿ ವಿಮಾನವೂ ಇಲ್ಲ, ಬಾಂಬೂ ಇಲ್ಲ. ಇರುವುದೆಲ್ಲ ಬಾಯಿಗಳೇ. ಎಡತುದಿಯಲ್ಲಿ ಸತ್ತ ಮಗುವನ್ನು ಹಿಡಿದ ತಾಯಿಯ ತೆರೆದ ಬಾಯಿ, ಅದರೊಳಗೆ ಚೂರಿಯಂತೆ ಮೊನೆಯಾದ ನಾಲಗೆ; ನಡುವೆ ಕುದುರೆಯದೂ ಹಾಗೆಯೇ; ಬಲತುದಿಯಲ್ಲಿ ಕೈಯೆತ್ತಿ ಬೀಳುತ್ತಿರುವವರದೂ ಹಾಗೆಯೇ. ಎದೆ ಬಡಿದುಕೊಳ್ಳುವುದನ್ನು ಇಡಗುಂಜಿಯವರು ಹೊಸಬರ ದೋಷ ಎಂದರು. ಇಲ್ಲಿ ಇಡೀ ಚಿತ್ರವೇ ಎದೆ ಬಡಿದುಕೊಳ್ಳುತ್ತಿದೆ, ಆದರೂ ಕೃತಕ ಅನ್ನಿಸುವುದಿಲ್ಲ. ಏಕೆ?

ಸೋಂದಾ ಕುಂಚ, ಶಿರಸಿ

ಮಾಸ್ತರರ ಪ್ರಶ್ನೆಗೆ ನನಗೆ ತೋಚುವ ಉತ್ತರವೆಂದರೆ, ‘ಗೆರ್ನಿಕಾ’ದ ಆ ಮುಖಗಳನ್ನು ನಾವು ಮುಖಗಳೆಂದು ಕರೆಯುತ್ತೇವೆಯೇ ಹೊರತು ಅವು ಯಾರ ಮುಖವೂ ಅಲ್ಲ. ಎರಡು ಕಣ್ಣು ಒಂದೇ ಕಡೆ, ಮೂಗು ಇನ್ನೊಂದು ಕಡೆ. ಮುಂಕ್ ಮುಖವನ್ನು ತಗ್ಗಿಸಿ ಮರೆಮಾಡಿದರೆ ಪಿಕಾಸೊ ಮುರಿದು ಮರೆಮಾಡಿದ. ಒಬ್ಬ ವ್ಯಕ್ತಿಯ ಚಹರೆ ಅಲ್ಲಿ ಗುರುತು ಸಿಕ್ಕಿದ್ದರೆ ಆ ಕೂಗು ಅವಳೊಬ್ಬಳದ್ದಾಗುತ್ತಿತ್ತು. ಬಣ್ಣದ ಸಂಗತಿಯೂ ಇದೆ: ಅವನು ಹೊಳಪು ತೀರ ಕಡಿಮೆಯಿರುವ ಬಣ್ಣವನ್ನೇ ಹೇಳಿ ತರಿಸಿಕೊಂಡಿದ್ದ. ಅಷ್ಟು ದೊಡ್ಡ ಚಿತ್ರ ಎಲ್ಲಿಯೂ ಮಿಂಚುವುದಿಲ್ಲ. ಸುಣ್ಣದ ಗೋಡೆಯ ಹಾಗೆ ಬೆಳಕನ್ನು ನುಂಗುತ್ತದೆ.

ಈ ನಡುವೆ ಸದಾಶಿವಗಡದವರ ಸವಾಲನ್ನು ತರಗತಿಗೆ ಒಯ್ದೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಹೆಸರು, ಕಥೆ ಏನೂ ಹೇಳದೆ ‘ರೋಗಿ ಬಾಲಕಿ’ಯನ್ನು ತೋರಿಸಿ ಮನಸ್ಸಿಗೆ ಬಂದದ್ದು ಹೇಳಿ ಎಂದೆ. ಒಬ್ಬ ಹುಡುಗ ‘ಸರ್, ಇದು ಮಳೆಯಲ್ಲಿ ನೆನೆದಿದೆ’ ಎಂದ. ಎಲ್ಲರೂ ನಕ್ಕರು, 1886ರ ಜನರ ಹಾಗೆಯೇ. ಆಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ‘ಆ ಅಮ್ಮ ಯಾಕೆ ತಲೆ ಎತ್ತುತ್ತಿಲ್ಲ?’ ಎಂದು ಕೇಳಿದಳು. ಅದಕ್ಕೆ ನಾನು ಉತ್ತರಿಸಲಿಲ್ಲ, ಮಕ್ಕಳೇ ಉತ್ತರಿಸತೊಡಗಿದರು, ನಗು ನಿಂತಿತು. ನೆನೆದ ಚಿತ್ರ ಎಂದ ಹುಡುಗನ ಮಾತೂ ತಪ್ಪಲ್ಲ ಎಂದು ಈಗ ಅನ್ನಿಸುತ್ತಿದೆ. ಈ ಚಿತ್ರ ಬರೆಯುವಾಗ ತನ್ನ ರೆಪ್ಪೆಗೂದಲುಗಳ ನೆರಳೂ ನೋಟದಲ್ಲಿ ಸೇರಿಕೊಂಡಿತ್ತು, ಅದನ್ನೂ ಚಿತ್ರದಲ್ಲಿ ಸೂಚಿಸಿದೆ ಎಂಬರ್ಥದ ಮಾತನ್ನು ಮುಂಕ್ ಬರೆದಿಟ್ಟಿದ್ದಾನೆ. ಅರ್ಧ ಮುಚ್ಚಿದ, ತೇವದ ಕಣ್ಣಿನಿಂದ ನೋಡಿದ ಕೋಣೆಯನ್ನು ಹಾಗೆಯೇ ಬರೆದರೆ ಅದು ನೆನೆದಂತೆ ಕಾಣದೆ ಇನ್ನು ಹೇಗೆ ಕಾಣಬೇಕು?

ಬೇಲೇಕೇರಿ, ಅಂಕೋಲಾ

ಗೀರುಗಳ ಬಗ್ಗೆ ಯಾರೂ ಮುಂದೆ ಮಾತಾಡಲಿಲ್ಲ. ನಮ್ಮ ಕರಾವಳಿಯ ಹಳೆಯ ದೇವಸ್ಥಾನಗಳ ಗೋಡೆಯಲ್ಲಿ, ಶಿರಸಿಯ ಮಾರಿಕಾಂಬೆಯ ಗುಡಿಯಲ್ಲೂ, ಕಾವಿ ಕಲೆ ಇದೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿದು, ಹಸಿಯಿರುವಾಗಲೇ ಮೊನೆಯಿಂದ ಕೆರೆದು ಒಳಗಿನ ಬಿಳಿಯನ್ನು ಹೊರಗೆ ತರುತ್ತಾರೆ. ಕೆರೆಯುವುದು ಅಲ್ಲಿ ಅಲಂಕಾರದ ವಿಧಾನ. ಕೈ ನಡುಗಬಾರದು, ಗೆರೆ ಶುದ್ಧವಾಗಿರಬೇಕು. ಮುಂಕ್‌ನದು ಅದರ ತದ್ವಿರುದ್ಧ, ಅವನ ಗೆರೆ ಏನನ್ನೂ ಹೊರಗೆ ತರುವುದಿಲ್ಲ.

ಗೀರನ್ನೇ ಚಿತ್ರದ ವಸ್ತು ಮಾಡಿದ ನಮ್ಮವರೊಬ್ಬರಿದ್ದಾರೆ, ಸೋಮನಾಥ ಹೋರೆ. 1943ರ ಬಂಗಾಲದ ಕ್ಷಾಮವನ್ನು ಕಣ್ಣಾರೆ ಕಂಡು ಹರೆಯದಲ್ಲಿಯೇ ಹಸಿದವರ ಚಿತ್ರ ಬರೆದವರು. ಅದೇ ಕ್ಷಾಮವನ್ನು ಚಿತ್ತಪ್ರಸಾದ ವರದಿಯಂತೆ ಬರೆದರು, ಜೈನುಲ್ ಆಬೆದಿನ್ ಅಗ್ಗದ ಕಾಗದದ ಮೇಲೆ ಕಪ್ಪು ಮಸಿಯ ದಪ್ಪ ಗೆರೆಗಳಲ್ಲಿ ಬರೆದರು. ಚಿತ್ತಪ್ರಸಾದರ ಪುಸ್ತಕದ ಪ್ರತಿಗಳನ್ನು ಬ್ರಿಟಿಷ್ ಸರಕಾರ ಮುಟ್ಟುಗೋಲು ಹಾಕಿಕೊಂಡಿತು. ಹೋರೆಯವರು 1970ರ ದಶಕದಲ್ಲಿ ಮಾಡಿದ ‘ಗಾಯಗಳು’ ಮಾಲಿಕೆಗೆ ಬಂದಾಗ ಮನುಷ್ಯರೂ ಹೋದರು, ಮಸಿಯೂ ಹೋಯಿತು. ಮೇಣದಂಥ ಮೆತ್ತನೆಯ ಹಾಳೆಯನ್ನು ಕೊಯ್ದು, ಸುಟ್ಟು, ಅದರಿಂದ ಅಚ್ಚು ತೆಗೆದು ಕಾಗದದ ತಿರುಳನ್ನು ಒತ್ತಿ ತೆಗೆದ ಬಿಳಿಯ ಮೇಲೆ ಬಿಳಿಯ ಹಾಳೆಗಳು ಅವು. ಅಡ್ಡದಿಂದ ಬೆಳಕು ಬಿದ್ದರೆ ಮಾತ್ರ ಸೀಳು ಕಾಣುತ್ತದೆ. ಸದಾಶಿವಗಡದವರೇ, ಅಲ್ಲಿ ಯಾವ ಅಕ್ಕನ ಕಥೆಯೂ ಇಲ್ಲ, ಹಾಳೆ ಮಾತ್ರ. ಅದರ ಮುಂದೆ ನಿಂತವರ ಕೈ ತಾನಾಗಿ ಅದನ್ನು ಸವರಲು ಮುಂದಾಗುತ್ತದೆ.

ಸದಾಶಿವಗಡ, ಕಾರವಾರ

ಹೋರೆಯವರ ಹಾಳೆಗಳ ವಿಷಯದಲ್ಲಿ ನಾನು ವಾದಿಸಲಾರೆ. ಆದರೆ ಅದಕ್ಕೂ ‘ಗಾಯಗಳು’ ಎಂದು ಹೆಸರಿಡಬೇಕಾಯಿತಲ್ಲ ಎಂದು ಮಾತ್ರ ಹೇಳಿ ಬಿಡುತ್ತೇನೆ.

ನಮ್ಮ ಊರಿನದೇ ಉದಾಹರಣೆ ಕೊಡುತ್ತೇನೆ. ಕವಿ ರವೀಂದ್ರನಾಥ ಟಾಗೋರರು, ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, ಕಾರವಾರಕ್ಕೆ ಬಂದಿದ್ದರು. ಕಡಲತೀರಕ್ಕೆ ಅವರ ಹೆಸರಿದೆ. 1884ರಲ್ಲಿ ಅತ್ತಿಗೆ ಕಾದಂಬರಿ ದೇವಿ ಆತ್ಮಹತ್ಯೆ ಮಾಡಿಕೊಂಡರು. ಅರವತ್ತು ದಾಟಿದ ಮೇಲೆ ಕವಿ ಚಿತ್ರ ಬರೆಯತೊಡಗಿ, 1930ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ ಮಾಡಿದರು. ಅವರು ಬರೆದ ಮೊಟ್ಟೆಯಾಕಾರದ, ಕತ್ತಲಿನಿಂದ ಎದ್ದುಬಂದಂಥ ಹೆಂಗಸರ ಮುಖ ಕಂಡ ಕೂಡಲೇ ‘ಇದು ಕಾದಂಬರಿ ದೇವಿ’ ಎನ್ನುವವರು ಸಾಲುಗಟ್ಟಿ ನಿಂತಿದ್ದಾರೆ. ಒಮ್ಮೆ ಹಾಗಂದ ಮೇಲೆ ಯಾರೂ ಆ ಮುಖದ ಮಸಿಯನ್ನು, ಒಂದರ ಮೇಲೊಂದು ಎಳೆದ ಗೆರೆಗಳನ್ನು ನೋಡುವುದಿಲ್ಲ. ನನ್ನ ಸಿಟ್ಟು ಇದರ ಮೇಲೆ.

ಕಡವಾಡ ಮಾಸ್ತರ, ಕಾರವಾರ

ಈ ಸಿಟ್ಟಿನಲ್ಲಿ ನಾನೂ ನಿಮ್ಮ ಪಾಲುದಾರ. ರವೀಂದ್ರರು ತಮ್ಮ ಚಿತ್ರಗಳಿಗೆ ಹೆಸರಿಡಲು ಒಪ್ಪುತ್ತಿರಲಿಲ್ಲ ಎಂಬುದನ್ನು ಆ ಸಾಲಿನವರು ನೆನಪಿಟ್ಟುಕೊಳ್ಳಬೇಕು. ಆ ಮುಖಗಳು ಯಾರವೇ ಇರಲಿ, ಅವು ನೋಡುವವನಿಗೆ ಏನನ್ನೂ ಹೇಳಿಕೊಳ್ಳಲು ಬಂದವಲ್ಲ. ಆ ಮಟ್ಟಿಗೆ ಅವು ಮುಂಕ್‌ನ ಹುಡುಗಿಯ ಬಳಗ.

ಅಘನಾಶಿನಿ, ಕುಮಟಾ

ಒಂದು ಸಂಶಯ. ಮುಂಕ್ ಇದೇ ಚಿತ್ರವನ್ನು ನಲವತ್ತು ವರ್ಷಗಳ ಅವಧಿಯಲ್ಲಿ ಆರು ಸಲ ಬರೆದನಂತೆ. ಒಂದು ದುಃಖವನ್ನು ಆರು ಸಲ ಬರೆದರೆ ಅದು ಕಸುಬಾಗುವುದಿಲ್ಲವೇ?

ಸೋಂದಾ ಕುಂಚ, ಶಿರಸಿ

ಆಗುತ್ತದೆ ಅಕ್ಕ, ಸ್ವಲ್ಪ ಮಟ್ಟಿಗೆ. 1907ರಲ್ಲಿ ಬರೆದ ಒಂದಂತೂ ಸ್ವೀಡನ್ನಿನ ಬ್ಯಾಂಕ್ ಉದ್ಯಮಿ ಹೇಳಿ ಬರೆಸಿಕೊಂಡದ್ದು. ಅದೇ ವರ್ಷದ ಇನ್ನೊಂದು ಜರ್ಮನಿಯ ಡ್ರೆಸ್ಡೆನ್ ನಗರದ ಸಂಗ್ರಹಾಲಯಕ್ಕೆ ಹೋಗಿ, ನಾಜಿಗಳು ಅದನ್ನು ‘ಕೆಟ್ಟ ಕಲೆ’ ಎಂದು ಹೊರಗೆ ಹಾಕಿ ಮಾರಿದ ಮೇಲೆ ಈಗ ಲಂಡನ್ನಿನ ಟೇಟ್ ಸಂಗ್ರಹಾಲಯದಲ್ಲಿದೆ. ನಂತರದವುಗಳಲ್ಲಿ ಹಸಿರು ಕೆಂಪುಗಳು ಹೊಳೆಯುತ್ತವೆ, ಕುಂಚ ಸಲೀಸಾಗಿ ಓಡುತ್ತದೆ. ಮೊದಲನೆಯದರಲ್ಲಿ ಅವನಿಗೆ ಬರೆಯಲು ಬರುತ್ತಿರಲಿಲ್ಲ, ಆ ಬಾರದಿರುವಿಕೆಯೇ ಕ್ಯಾನ್ವಾಸಿನ ಮೇಲೆ ಉಳಿದಿದೆ. ಆಮೇಲಿನವುಗಳಲ್ಲಿ ಅವನಿಗೆ ದಾರಿ ಗೊತ್ತಿತ್ತು. ನನ್ನ ಓಟು ಮೊದಲನೆಯದಕ್ಕೇ.

ಆದರೆ 1896ರಲ್ಲಿ ಪ್ಯಾರಿಸ್ಸಿನಲ್ಲಿ ಮಾಡಿದ ಕಲ್ಲಚ್ಚಿನ ಚಿತ್ರಗಳನ್ನು ಈ ಲೆಕ್ಕದಿಂದ ಹೊರಗಿಡುತ್ತೇನೆ. ಅವುಗಳಲ್ಲಿ ಹೆಂಗಸೂ ಇಲ್ಲ, ಬಾಟಲಿಯೂ ಇಲ್ಲ. ದಿಂಬಿಗೊರಗಿದ ಹುಡುಗಿಯ ತಲೆ ಮಾತ್ರ. ಅದೇ ಮುಖವನ್ನು ಒಮ್ಮೆ ಕೆಂಪಿನಲ್ಲಿ, ಒಮ್ಮೆ ಬೂದಿನಲ್ಲಿ, ಒಮ್ಮೆ ಎರಡು ಮೂರು ಬಣ್ಣ ಸೇರಿಸಿ ಒತ್ತಿ ನೋಡಿದ್ದಾನೆ. ಕೆಂಪಿನದು ಜ್ವರದ ಹುಡುಗಿ, ಬೂದಿನದು ಜ್ವರ ಇಳಿದುಹೋದವಳು.

ಅಘನಾಶಿನಿ, ಕುಮಟಾ

ಈಗಷ್ಟೇ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಕೆಂಪಿನಲ್ಲಿ ಕೂದಲು ಹಣೆಗೆ ಅಂಟಿದೆ. ಜ್ವರ ಏರಿದಾಗ ಹಾಗೆ ಅಂಟುತ್ತದೆ. ಅದನ್ನು ನೋಡದವನು ಬರೆಯಲಾರ. ಕಸುಬು ಎಂದ ನನ್ನ ಮಾತು ಈ ಅಚ್ಚಿಗೆ ಅನ್ವಯಿಸುವುದಿಲ್ಲ. ಆ ಬ್ಯಾಂಕಿನವರ ಪ್ರತಿಗೆ ಬೇಕಾದರೆ ಇಟ್ಟುಕೊಳ್ಳಿ.